ಸದನದಲ್ಲಿ ಒಬ್ಬರೇ ಇದ್ದು ಏನು ಮಾಡೋಕಾಗುತ್ತೆ?

ಓದುಗರ ಪ್ರಶ್ನೆ: ವಿರೋಧ ಪಕ್ಷದಲ್ಲಿ ಕೆಲವೊಮ್ಮೆ ಬೆರಳೆಣಿಕೆ ಜನ ಇರುತ್ತಾರೆ. ಮತಕ್ಕೆ ಹಾಕಿದರೆ ಸೋಲೋದು ಗ್ಯಾರಂಟಿ. ಆದರೂ ಪ್ರಜೆಗಳ ಹಕ್ಕು, ಅಲ್ಪಸಂಖ್ಯಾತರು ಅಂತ ಎದ್ದು ನಿಂತು ಮಾತಾಡುತ್ತಾರಲ್ಲ, ಅದರಿಂದ ಯಾರಿಗಾದರೂ ಉಪಯೋಗ ಆಗಿದ್ದುಂಟಾ? ಇಲ್ಲಾ ಸುಮ್ನೆ ಪೇಪರಲ್ಲಿ ಹೆಸರು ಬರಲಿ ಅಂತಾನಾ?

ಉತ್ತರ: ಚುನಾವಣೆ ಫಲಿತಾಂಶ ಬಂದಾಗಲೆಲ್ಲ ಈ ಪ್ರಶ್ನೆ ಬರುತ್ತದೆ. ಗೆದ್ದ ಪಕ್ಷ, ಸೋತ ಪಕ್ಷ ಬದಲಾಗುತ್ತವೆ, ಪ್ರಶ್ನೆ ಮಾತ್ರ ಅದೇ. ಇವತ್ತಿನ ನಮ್ಮ ಪಕ್ಷಗಳ ಹೆಸರು ಹಿಡಿದು ಉತ್ತರ ಕೊಡಲು ಹೊರಟರೆ ಅರ್ಧ ಜನ ಎರಡನೇ ಸಾಲಿಗೇ ಎದ್ದು ಹೋಗುತ್ತಾರೆ. ಅದಕ್ಕೆ ಸ್ವಲ್ಪ ದೂರ ಹೋಗೋಣ, ದಕ್ಷಿಣ ಆಫ್ರಿಕಾಕ್ಕೆ. ಅಲ್ಲಿ ಹೆಲೆನ್ ಸುಝ್ಮನ್ ಅನ್ನುವ ಹೆಂಗಸೊಬ್ಬರು 1961ರಿಂದ 1974ರವರೆಗೆ, ಅಂದರೆ 13 ವರ್ಷ, ಸಂಸತ್ತಿನಲ್ಲಿ ತಮ್ಮ ಪಕ್ಷಕ್ಕೆ ಒಬ್ಬರೇ ಸದಸ್ಯರಾಗಿ ಕೂತಿದ್ದರು. ಬೆರಳೆಣಿಕೆ ಕೂಡ ಅಲ್ಲ, ಒಂದೇ ಬೆರಳು.

ಅದು ವರ್ಣಭೇದದ ಕಾಲ. ಬಿಳಿಯರಿಗೆ ಮಾತ್ರ ಪೂರ್ತಿ ಹಕ್ಕು. ಕಪ್ಪು ಜನರಿಗೆ ಓಟಿಲ್ಲ, ಬೇಕಾದ ಕಡೆ ವಾಸ ಮಾಡುವಂತಿಲ್ಲ, ಜೇಬಿನಲ್ಲಿ ಪಾಸ್ ಇಲ್ಲದೆ ಪೇಟೆಗೆ ಕಾಲಿಡುವಂತಿಲ್ಲ. ಅಲ್ಲಿದ್ದ ಭಾರತೀಯರ ಪಾಡೂ ಬೇರೆಯಲ್ಲ. ಅವರು ಜನಸಂಖ್ಯೆಯಲ್ಲಿ ನೂರಕ್ಕೆ ಸುಮಾರು ಮೂವರು. ಜೋಹಾನ್ಸ್‌ಬರ್ಗ್‌ನ ಪೇಜ್‌ವ್ಯೂನಲ್ಲಿ 14ನೇ ಬೀದಿ ಅಂತ ಒಂದು ಬೀದಿ ಇತ್ತು. ಬಟ್ಟೆ ಅಂಗಡಿ, ದಿನಸಿ ಅಂಗಡಿಗಳ ಸಾಲು, ಹೆಚ್ಚಿನವು ಭಾರತ ಮೂಲದವರದು. 1950ರ ಗ್ರೂಪ್ ಏರಿಯಾಸ್ ಕಾಯ್ದೆ ಇಟ್ಟುಕೊಂಡು ಸರ್ಕಾರ ಆ ಜಾಗ ಬಿಳಿಯರದ್ದು ಅಂತ ಗೆರೆ ಎಳೆಯಿತು. ಮನೆಗಳನ್ನು ಊರಾಚೆ ಲೆನೇಷಿಯಾಕ್ಕೆ ಸಾಗಿಸಿತು. ತಲೆಮಾರಿನಿಂದ ಕಟ್ಟಿದ ವ್ಯಾಪಾರ ಒಂದು ನೋಟೀಸಿಗೆ ನೆಲಕ್ಕೆ ಬಿತ್ತು.

ಇಂಥ ಕಾಯ್ದೆಗಳನ್ನು ಮಾಡುತ್ತಿದ್ದ ಸದನದಲ್ಲೇ ಸುಝ್ಮನ್ ಇದ್ದದ್ದು. ಹುಟ್ಟಿದ್ದು 1917ರಲ್ಲಿ, ಲಿಥುವೇನಿಯಾದಿಂದ ವಲಸೆ ಬಂದ ಯಹೂದಿ ಮನೆಯಲ್ಲಿ. ವಿಟ್‌ವಾಟರ್ಸ್‌ರ‍್ಯಾಂಡ್ ವಿಶ್ವವಿದ್ಯಾಲಯದಲ್ಲಿ ಆರ್ಥಿಕ ಇತಿಹಾಸದ ಪಾಠ ಮಾಡುತ್ತಿದ್ದರು. 1940ರ ದಶಕದಲ್ಲಿ, ಪೇಟೆಗಳಲ್ಲಿದ್ದ ಕಪ್ಪು ಜನರ ಕಾನೂನುಗಳನ್ನು ಪರಿಶೀಲಿಸಲು ಸರ್ಕಾರ ನೇಮಿಸಿದ ಫಾಗನ್ ಆಯೋಗ ಕೂತಾಗ ವಲಸೆ ಕಾರ್ಮಿಕರ ಕಾನೂನುಗಳ ಮೇಲೆ ಮಾಹಿತಿ ಕಲೆ ಹಾಕುವ ಕೆಲಸ ಇವರ ಪಾಲಿಗೆ ಬಂತು. ಕಾಯ್ದೆ ಓದುತ್ತಾ ಓದುತ್ತಾ ಹೊಟ್ಟೆ ಉರಿಯಿತು, ರಾಜಕೀಯಕ್ಕೆ ಬಂದರು. 1953ರಲ್ಲಿ ಜೋಹಾನ್ಸ್‌ಬರ್ಗ್‌ನ ಶ್ರೀಮಂತ ಬಡಾವಣೆ ಹೌಟನ್‌ನಿಂದ ಯುನೈಟೆಡ್ ಪಾರ್ಟಿ ಟಿಕೆಟ್ ಮೇಲೆ ಗೆದ್ದರು. ಅದು ಮುಖ್ಯ ವಿರೋಧ ಪಕ್ಷ, ಆದರೆ ಗಟ್ಟಿಯಾಗಿ ವಿರೋಧ ಮಾಡಬೇಕಾದ ಕಡೆಯೆಲ್ಲ ಗಂಟಲು ಸರಿ ಮಾಡಿಕೊಳ್ಳುತ್ತಿದ್ದ ಪಕ್ಷ. 1959ರಲ್ಲಿ ಬೇಸತ್ತ ಕೆಲವರು ಹೊರಬಂದು ಪ್ರೋಗ್ರೆಸಿವ್ ಪಾರ್ಟಿ ಕಟ್ಟಿದರು. 1961ರ ಚುನಾವಣೆಯಲ್ಲಿ ಅವರೆಲ್ಲ ನೆಲಕಚ್ಚಿದರು. ಉಳಿದದ್ದು ಸುಝ್ಮನ್ ಒಬ್ಬರೇ, ಅದೂ 564 ಓಟಿನ ಅಂತರದಲ್ಲಿ. ಕೆಲವು ವರ್ಷ ಇಡೀ ಸದನಕ್ಕೇ ಅವರೊಬ್ಬರೇ ಹೆಂಗಸು ಬೇರೆ.

ಈಗ ನಿಮ್ಮ ಪ್ರಶ್ನೆಯ ಮೊದಲ ಭಾಗಕ್ಕೆ ಬರೋಣ, ಮತ. ಹೌದು, ಸೋತರು. ಸೋಲುತ್ತಲೇ ಹೋದರು. 1963ರಲ್ಲಿ ನ್ಯಾಯ ಸಚಿವ ಜಾನ್ ವೊರ್ಸ್ಟರ್ ಒಂದು ಮಸೂದೆ ತಂದರು. ಪೊಲೀಸರು ವಾರಂಟ್ ಇಲ್ಲದೆ ಯಾರನ್ನು ಬೇಕಾದರೂ ಹಿಡಿದು 90 ದಿನ ಒಳಗಿಡಬಹುದು. ವಕೀಲರಿಲ್ಲ, ಕೋರ್ಟಿಲ್ಲ. 90 ದಿನ ಮುಗಿಯಿತಾ? ಬಿಟ್ಟ ಹಾಗೆ ಮಾಡಿ ಮತ್ತೆ ಹಿಡಿಯಬಹುದು. ಆಮೇಲೆ ನಡೆದದ್ದೂ ಹಾಗೆಯೇ. ಪತ್ರಕರ್ತೆ ರೂತ್ ಫಸ್ಟ್ ಅವರನ್ನು 90ನೇ ದಿನ ಬಿಟ್ಟು, ಹೊರಗೆ ಕಾಲಿಡುತ್ತಿದ್ದಂತೆ ಮತ್ತೆ ಹಿಡಿದರು. ಒಟ್ಟು 117 ದಿನ. ಈ ಮಸೂದೆ ಮತಕ್ಕೆ ಬಂದಾಗ ಮುಖ್ಯ ವಿರೋಧ ಪಕ್ಷದವರೂ ಎದ್ದು ಸರ್ಕಾರದ ಸಾಲಿನ ಕಡೆ ನಡೆದರು. ಈ ಕಡೆ ಬೆಂಚುಗಳೆಲ್ಲ ಖಾಲಿ, ಉಳಿದವರು ಸುಝ್ಮನ್ ಒಬ್ಬರೇ. ವಿಚಾರಣೆಯಿಲ್ಲದೆ ಜನರನ್ನು ಕೂಡಿಹಾಕಬಹುದಾ ಅನ್ನುವ ಪ್ರಶ್ನೆಗೆ ಆ ಇಡೀ ಸದನದಲ್ಲಿ ಬೇಡ ಅಂದದ್ದು ಒಂದೇ ದನಿ. 1967ರ ಭಯೋತ್ಪಾದನಾ ಕಾಯ್ದೆಗೂ ಅದೇ ಕಥೆ.

ಮತದ ಲೆಕ್ಕ ಅಲ್ಲಿಗೆ ಮುಗಿಯಿತು. ಆದರೆ ಅವರ ಆಯುಧ ಮತ ಆಗಿರಲೇ ಇಲ್ಲ, ಪ್ರಶ್ನೆ ಆಗಿತ್ತು. ನನ್ನ ಪ್ರಕಾರ ನಮ್ಮಲ್ಲಿ ಜಾಸ್ತಿ ಜನರ ಗಮನಕ್ಕೆ ಬಾರದೆ ಹೋಗುವ ವಿಷಯ ಇದೇ.

ಸಂಸತ್ತಿನ ಸದಸ್ಯರು ಕೇಳಿದ ಪ್ರಶ್ನೆಗೆ ಮಂತ್ರಿ ಉತ್ತರ ಕೊಡಲೇಬೇಕು. ಸುಝ್ಮನ್ ಭಾಷಣದ ಪ್ರಶ್ನೆ ಕೇಳುತ್ತಿರಲಿಲ್ಲ, ಲೆಕ್ಕದ ಪ್ರಶ್ನೆ ಕೇಳುತ್ತಿದ್ದರು. ಕಳೆದ ವರ್ಷ ಪಾಸ್ ಇಲ್ಲ ಅಂತ ಎಷ್ಟು ಜನರನ್ನು ಹಿಡಿದಿರಿ? ಎಷ್ಟು ಜನರಿಗೆ ಛಡಿ ಏಟಿನ ಶಿಕ್ಷೆ ಆಯಿತು? ಎಷ್ಟು ಜನರನ್ನು ಗಲ್ಲಿಗೇರಿಸಿದಿರಿ, ಅವರಲ್ಲಿ ಯಾವ ಬಣ್ಣದವರು ಎಷ್ಟು? ಬಂಧನದಲ್ಲಿ ಸತ್ತವರೆಷ್ಟು, ಹೇಗೆ ಸತ್ತರು? ಉತ್ತರ ಬರುತ್ತಿತ್ತು, ಅಂಕಿ ಸಮೇತ. ಪಾಸ್ ಕಾನೂನಿನಡಿ ವರ್ಷಕ್ಕೆ ಲಕ್ಷಗಟ್ಟಲೆ ಜನರನ್ನು ಹಿಡಿಯುತ್ತಿದ್ದರು ಅನ್ನುವುದು ಸರ್ಕಾರದ ಬಾಯಿಂದಲೇ ಹೊರಬಂತು. ವಿರೋಧಿಗಳು ಕಟ್ಟಿದ ಕಥೆ ಅಂತ ತಳ್ಳಿಹಾಕೋಕೆ ಬರುವುದಿಲ್ಲ ನೋಡಿ, ಕೆಳಗೆ ಸಹಿ ಇರುವುದು ಮಂತ್ರಿಯದೇ. ಒಮ್ಮೆ ಮಂತ್ರಿಯೊಬ್ಬರು ರೇಗಿ, ನೀವು ಇಂಥ ಪ್ರಶ್ನೆ ಕೇಳುವುದೇ ಹೊರದೇಶದಲ್ಲಿ ನಮ್ಮ ಮಾನ ತೆಗೆಯಲು ಅಂದರಂತೆ. ಮಾನ ಹೋಗುತ್ತಿರುವುದು ನನ್ನ ಪ್ರಶ್ನೆಗಳಿಂದಲ್ಲ, ನಿಮ್ಮ ಉತ್ತರಗಳಿಂದ ಎಂದು ಸುಝ್ಮನ್ ತಿರುಗಿ ಕೊಟ್ಟ ಮಾತು ಇವತ್ತಿಗೂ ಅಲ್ಲಿ ಓಡಾಡುತ್ತಿದೆ.

ಎರಡನೇ ವಿಷಯ, ಸದನದ ಒಳಗಿನ ಮಾತಿಗೆ ಇರುವ ರಕ್ಷಣೆ. 1959ರ ಜೈಲು ಕಾಯ್ದೆ ಪ್ರಕಾರ ಜೈಲಿನ ಸ್ಥಿತಿಗತಿ ಬಗ್ಗೆ ಪತ್ರಿಕೆ ಏನಾದರೂ ಬರೆದು ಅದು ತಪ್ಪು ಅಂತ ಆದರೆ ಅಪರಾಧ. ಸರಿಯಾಗಿ ವಿಚಾರಿಸಿಯೇ ಬರೆದೆವು ಅಂತ ಸಾಬೀತು ಮಾಡುವ ಹೊಣೆ ಪತ್ರಿಕೆಯದ್ದೇ. ರ‍್ಯಾಂಡ್ ಡೈಲಿ ಮೇಲ್ ಪತ್ರಿಕೆ 1965ರಲ್ಲಿ ಜೈಲಿನ ಬಗ್ಗೆ ಲೇಖನಮಾಲೆ ಹಾಕಿ ಸಂಪಾದಕರು ವರ್ಷಗಟ್ಟಲೆ ಕೋರ್ಟು ಅಲೆದರು. ಆಮೇಲೆ ಯಾರು ಬರೆಯುತ್ತಾರೆ? ಆದರೆ ಅದೇ ಮಾತನ್ನು ಸುಝ್ಮನ್ ಸದನದಲ್ಲಿ ಎದ್ದು ನಿಂತು ಹೇಳಿದರೆ ಅವರ ಮೇಲೆ ಕೇಸಿಲ್ಲ. ಸದನದಲ್ಲಿ ಹೀಗೆ ಹೇಳಿದರು ಅಂತ ಪತ್ರಿಕೆ ಹಾಕಬಹುದು. ಬೀಗ ಹಾಕಿದ ಮನೆಯಲ್ಲಿ ತೆರೆದಿದ್ದ ಒಂದೇ ಕಿಟಕಿ ಅದು.

ಆ ಕಿಟಕಿಯ ಬೆಲೆ ನಮಗೂ ಗೊತ್ತಿರಬೇಕು. 1956ರಲ್ಲಿ ರಾಯಬರೇಲಿಯ ಸಂಸದ ಫಿರೋಜ್ ಗಾಂಧಿ ಒಂದು ಖಾಸಗಿ ಮಸೂದೆ ತಂದು ಪಾಸು ಮಾಡಿಸಿದ್ದರು. ಸಂಸತ್ತಿನ ಕಲಾಪವನ್ನು ಇದ್ದದ್ದು ಇದ್ದ ಹಾಗೆ ವರದಿ ಮಾಡಿದ ಪತ್ರಿಕೆಗೆ ಕೇಸು, ಕೋರ್ಟಿನಿಂದ ರಕ್ಷಣೆ ಕೊಡುವ ಕಾನೂನು. ತುರ್ತು ಪರಿಸ್ಥಿತಿ ಬಂತು. 1975ರ ಜುಲೈ ಅಧಿವೇಶನದಲ್ಲಿ ಪ್ರಶ್ನೋತ್ತರ ಅವಧಿಯನ್ನೇ ತೆಗೆದುಹಾಕಿದರು. ಡಿಸೆಂಬರಿನಲ್ಲಿ ಸುಗ್ರೀವಾಜ್ಞೆ ತಂದು ಫಿರೋಜ್ ಅವರ ಆ ಕಾನೂನನ್ನೂ ರದ್ದು ಮಾಡಿದರು. ಗಂಡ ತಂದದ್ದನ್ನು ಹೆಂಡತಿಯ ಸರ್ಕಾರ ಅಳಿಸಿತು. 1977ರಲ್ಲಿ ಸರ್ಕಾರ ಬದಲಾದ ಮೇಲೆ ಅದು ವಾಪಸ್ ಬಂತು, ಮರುವರ್ಷ 44ನೇ ತಿದ್ದುಪಡಿಯಲ್ಲಿ ಸಂವಿಧಾನದ 361ಎ ವಿಧಿಯಾಗಿ ಗಟ್ಟಿಯೂ ಆಯಿತು. ತುರ್ತು ಪರಿಸ್ಥಿತಿ ತಂದ ಸರ್ಕಾರಕ್ಕೆ ಲೋಕಸಭೆಯಲ್ಲಿ ಮೂರನೇ ಎರಡಕ್ಕಿಂತ ಹೆಚ್ಚು ಬಲ ಇತ್ತು. ಮತಕ್ಕೆ ಹೆದರುವ ಅಗತ್ಯವೇ ಇರಲಿಲ್ಲ. ಆದರೂ ಕೈ ಹಾಕಿದ್ದು ಪ್ರಶ್ನೆಗೆ, ವರದಿಗೆ. ಸೋಲುವವರು ಕೂಗಿ ಏನು ಪ್ರಯೋಜನ ಅಂತ ಕೇಳಿದಿರಲ್ಲ, ಆಗ ಅಧಿಕಾರದಲ್ಲಿದ್ದವರಿಗೆ ಆ ಪ್ರಯೋಜನ ಚೆನ್ನಾಗಿಯೇ ಗೊತ್ತಿತ್ತು.

ಬೆಂಗಳೂರಿನವರಿಗೆ ಈ ಕಥೆ ಇನ್ನೂ ಹತ್ತಿರದ್ದು. 1975ರ ಜೂನ್ 26ರ ಬೆಳಿಗ್ಗೆ ವಾಜಪೇಯಿ, ಅಡ್ವಾಣಿ, ಮಧು ದಂಡವತೆ, ಎಸ್. ಎನ್. ಮಿಶ್ರಾ ಇಲ್ಲೇ ಇದ್ದರು, ಸಂಸದೀಯ ಸಮಿತಿಯ ಸಭೆಗೆ ಅಂತ ಬಂದವರು. ಇಲ್ಲೇ ಹಿಡಿದು ಸೆಂಟ್ರಲ್ ಜೈಲಿಗೆ ಹಾಕಿದರು. ಈಗ ಅದೇ ಜಾಗ ಫ್ರೀಡಂ ಪಾರ್ಕ್. ಪ್ರತಿಭಟನೆ ಮಾಡೋರಿಗೆ ಅಲ್ಲೇ ಜಾಗ ಕೊಡುತ್ತಾರೆ ಅನ್ನೋದು ಬೇರೆ ತಮಾಷೆ.

ಮತ್ತೆ ಸುಝ್ಮನ್ ಕಡೆಗೆ. ಅವರ ಇನ್ನೊಂದು ಅಭ್ಯಾಸ, ಹೋಗಿ ಕಣ್ಣಾರೆ ನೋಡುವುದು. ಜೈಲು, ಕಪ್ಪು ಜನರ ಕೇರಿ, ಊರು ಬಿಡಿಸಿದವರನ್ನು ತಂದು ಸುರಿದ ಬಯಲು, ಎಲ್ಲ ಕಡೆ ಹೋಗುತ್ತಿದ್ದರು. ಮಂತ್ರಿಗಳಿಗೂ ಒಂದು ಸಲಹೆ ಕೊಟ್ಟಿದ್ದು ಹೆಸರುವಾಸಿ: ನೀವೂ ಒಮ್ಮೆ ಆ ಕೇರಿಗಳಿಗೆ ಹೋಗಿ ನೋಡಿ, ಗುರುತು ಸಿಗದ ಹಾಗೆ ಮನುಷ್ಯರ ವೇಷ ಹಾಕಿಕೊಂಡು ಹೋಗಿ.

1967ರಲ್ಲಿ ಅವರು ರಾಬೆನ್ ದ್ವೀಪದ ಜೈಲಿಗೆ ಹೋದರು. ಉದ್ದನೆಯ ಓಣಿ, ಎರಡೂ ಕಡೆ ಸಣ್ಣ ಸಣ್ಣ ಕೋಣೆ. ಜೊತೆಯಲ್ಲಿ ಜೈಲಿನ ದೊಡ್ಡ ಅಧಿಕಾರಿಗಳು. ಮೊದಲ ಕೋಣೆಯ ಮುಂದೆ ನಿಂತು ಏನು ತೊಂದರೆ ಅಂತ ಕೇಳಿದರೆ, ಒಳಗಿದ್ದವರು ನಮ್ಮ ಹತ್ತಿರ ಹೊತ್ತು ಕಳೆಯಬೇಡಿ, ಕೊನೆಯಲ್ಲಿ ಮಂಡೇಲಾ ಇದ್ದಾರೆ, ಅವರ ಹತ್ತಿರ ಮಾತಾಡಿ ಅಂದರು. ಹೋದರು. ಕಂಬಿಯ ಮೂಲಕ ಕೈ ಕುಲುಕಿದರು. ಅಧಿಕಾರಿಗಳು ಪಕ್ಕದಲ್ಲೇ ನಿಂತಿದ್ದಾರೆ. ಅವರ ಎದುರೇ ಮಂಡೇಲಾ ಊಟ, ಬಟ್ಟೆ, ಓದೋಕೆ ಪುಸ್ತಕ, ಪತ್ರಿಕೆ ಇಲ್ಲದ್ದನ್ನು ಒಂದೊಂದಾಗಿ ಹೇಳಿದರು. ಕೊನೆಗೆ ಒಬ್ಬ ವಾರ್ಡರ್ ವಿಷಯ ಎತ್ತಿದರು. ಅವನ ಕೈ ಮೇಲೆ ನಾಜಿಗಳ ಸ್ವಸ್ತಿಕದ ಹಚ್ಚೆ ಇತ್ತು. ಕೈದಿಗಳನ್ನು ಗೋಳು ಹುಯ್ದುಕೊಳ್ಳುವುದರಲ್ಲಿ ಎತ್ತಿದ ಕೈ. ಕೇಳುತ್ತಿದ್ದವರು ಯಹೂದಿ ಹೆಂಗಸು ಅನ್ನುವುದು ನೆನಪಿರಲಿ. ಸುಝ್ಮನ್ ಅದನ್ನು ಮೇಲಿನವರ ತನಕ ಒಯ್ದರು. ಸ್ವಲ್ಪ ಕಾಲದಲ್ಲೇ ವಾರ್ಡರ್ ದ್ವೀಪದಿಂದ ಎತ್ತಂಗಡಿ ಆದ.

ಎಂಥ ಸಣ್ಣ ಗೆಲುವು ಅಂತ ಅನಿಸಬಹುದು. ಒಂದು ವರ್ಗಾವಣೆ, ಅಷ್ಟೇ. ಆದರೆ ದಿನಾ ಬೆಳಗಾದರೆ ಅವನ ಕೈಕೆಳಗೆ ಕಲ್ಲು ಒಡೆಯುವವನಿಗೆ ಅದು ಸಣ್ಣದಲ್ಲ. ಸುಝ್ಮನ್ ಗೆದ್ದದ್ದೆಲ್ಲ ಬಹುತೇಕ ಇಂಥದ್ದೇ: ಒಬ್ಬರಿಗೆ ಪಾಸ್‌ಪೋರ್ಟ್, ಇನ್ನೊಬ್ಬರಿಗೆ ಜೈಲಿನಲ್ಲಿ ಓದಲು ಅನುಮತಿ, ಬೇರೆಯಾದ ಗಂಡ ಹೆಂಡತಿಗೆ ಒಂದೇ ಊರಿನಲ್ಲಿ ಇರಲು ಪರವಾನಗಿ. ಓಟಿಲ್ಲದ ಜನ ದೇಶದ ಮೂಲೆಮೂಲೆಯಿಂದ ಪತ್ರ ಬರೆಯುತ್ತಿದ್ದರು. ಹೌಟನ್‌ನಿಂದ ಗೆದ್ದರೂ ಆಕೆ ಓಟಿಲ್ಲದವರ ಎಂಪಿ ಆಗಿಬಿಟ್ಟಿದ್ದರು.

ಅದಕ್ಕೆ ತೆತ್ತ ಬೆಲೆಯೂ ಇತ್ತು. ಸದನದಲ್ಲಿ ಮಾತಿಗೆ ನಿಂತರೆ ಮಾಸ್ಕೋಗೆ ಹೋಗು, ಇಸ್ರೇಲಿಗೆ ಹೋಗು ಅಂತ ಆಡಳಿತ ಪಕ್ಷದ ಸಾಲಿನಿಂದ ಕೂಗು. ಬೇರೆ ದೇಶಕ್ಕೆ ಹೋಗು ಅನ್ನುವ ಈ ಮಾತು ನಮಗೇನೂ ಹೊಸದಲ್ಲ, ಅಲ್ವಾ? 1966ರಲ್ಲಿ ಪ್ರಧಾನಿ ವೆರ್ವುರ್ಡ್ ಅವರನ್ನು ಸದನದಲ್ಲೇ ಇರಿದು ಕೊಂದಾಗ, ಮಂತ್ರಿ ಪಿ. ಡಬ್ಲ್ಯು. ಬೋಥಾ ಇವರ ಕಡೆ ಬೆರಳು ಮಾಡಿ ಇದು ನೀವು ಮಾಡಿದ್ದು, ನಿಮ್ಮನ್ನು ಬಿಡುವುದಿಲ್ಲ ಅಂತ ಅರಚಿದರು. ಆಮೇಲೆ ಕ್ಷಮೆ ಕೇಳಬೇಕಾಯಿತು. ಮನೆಗೆ ಬೈಗುಳದ ಫೋನು ಬರುತ್ತಿತ್ತು. ಸುಝ್ಮನ್ ಫೋನಿನ ಪಕ್ಕ ಒಂದು ಸೀಟಿ ಇಟ್ಟುಕೊಂಡಿದ್ದರು. ಬೈಗುಳ ಶುರುವಾದರೆ ರಿಸೀವರಿಗೆ ಬಾಯಿಟ್ಟು ಜೋರಾಗಿ ಊದಿಬಿಡುವುದು.

ಆದರೆ ಅವರನ್ನು ಹೂವಿನ ಹಾರ ಹಾಕಿ ಗೋಡೆಗೆ ತೂಗುಹಾಕಿದರೆ ನಿಮ್ಮ ಪ್ರಶ್ನೆಗೆ ಪೂರ್ತಿ ಉತ್ತರ ಸಿಕ್ಕಿದಂತಾಗುವುದಿಲ್ಲ. ಅವರ ಪಕ್ಷ 1978ರವರೆಗೂ ಎಲ್ಲರಿಗೂ ಓಟು ಅನ್ನಲಿಲ್ಲ. ಇಷ್ಟು ಓದಿರಬೇಕು, ಇಷ್ಟು ಆಸ್ತಿ ಇರಬೇಕು ಅನ್ನುವ ಷರತ್ತು ಇಟ್ಟಿತ್ತು. ದಕ್ಷಿಣ ಆಫ್ರಿಕಾದ ಮೇಲೆ ಹೊರದೇಶಗಳು ಆರ್ಥಿಕ ನಿರ್ಬಂಧ ಹಾಕುವುದನ್ನು ಸುಝ್ಮನ್ ವಿರೋಧಿಸಿದರು, ಬಡವರ ಕೆಲಸ ಹೋಗುತ್ತದೆ ಎಂಬುದು ಅವರ ವಾದ. ಇದು ಹೋರಾಟಗಾರರಿಗೆ ಸಿಟ್ಟು ತರಿಸಿತು. ಬಿಳಿಯರ ಸಂಸತ್ತಿನಲ್ಲಿ ನೀವು ಕೂತಿರುವುದರಿಂದಲೇ ಅದು ಪ್ರಜಾಪ್ರಭುತ್ವದ ಮುಖವಾಡ ಹಾಕಿಕೊಳ್ಳುತ್ತಿದೆ ಅಂತ ಟೀಕಿಸಿದವರೂ ಇದ್ದರು. ಆ ಟೀಕೆಯಲ್ಲಿ ಹುರುಳಿಲ್ಲ ಅಂತ ನಾನು ಹೇಳುವುದಿಲ್ಲ. ವರ್ಣಭೇದ ಬಿದ್ದದ್ದು ಬೀದಿಯ ಹೋರಾಟದಿಂದ, ಕಾರ್ಖಾನೆಯ ಮುಷ್ಕರದಿಂದ, ಜೈಲು ಸೇರಿದವರ ಹಠದಿಂದ, ಹೊರಗಿನ ಒತ್ತಡದಿಂದ. ಸದನದ ಒಬ್ಬ ಸದಸ್ಯೆಯಿಂದ ಅಲ್ಲ. ಆಕೆ ಮಾಡಿದ್ದು ಬೇರೆ ಕೆಲಸ. ಒಳಗೆ ನಡೆದದ್ದು ಹೊರಗೆ ಗೊತ್ತಾಗುವ ಹಾಗೆ ನೋಡಿಕೊಂಡರು. ಗೊತ್ತಿರಲಿಲ್ಲ ಅಂತ ಹೇಳುವ ಅವಕಾಶವನ್ನು ಬಿಳಿ ಮತದಾರರಿಂದ ಕಿತ್ತುಕೊಂಡರು.

ಆ ಮತದಾರರ ಬಗ್ಗೆಯೂ ಒಂದು ಮಾತು ಹೇಳಬೇಕು. 36 ವರ್ಷ, 1989ರವರೆಗೆ, ಹೌಟನ್ ಅವರನ್ನು ಗೆಲ್ಲಿಸುತ್ತಲೇ ಬಂತು. ವರ್ಣಭೇದದ ಲಾಭವನ್ನೆಲ್ಲ ಉಂಡ ಜನ, ದೊಡ್ಡ ತೋಟದ ಮನೆಗಳವರು. ಅದರಲ್ಲಿ ಎಷ್ಟು ಆತ್ಮಸಾಕ್ಷಿ, ಎಷ್ಟು ಆಕೆಯ ಮೇಲಿನ ಅಭಿಮಾನ, ಬಿಡಿಸಿ ಹೇಳುವುದು ಕಷ್ಟ. 1974ರಲ್ಲಿ ಬೇರೆ ಕ್ಷೇತ್ರಗಳಿಂದ ಇನ್ನೂ ಆರು ಜನ ಗೆದ್ದು ಜೊತೆಗೆ ಬಂದು ಕೂತರು.

ಪಾಸ್ ಕಾನೂನು 1986ರಲ್ಲಿ ಹೋಯಿತು. 1996ರ ಡಿಸೆಂಬರಿನಲ್ಲಿ ಶಾರ್ಪ್‌ವಿಲ್‌ನಲ್ಲಿ ಹೊಸ ಸಂವಿಧಾನಕ್ಕೆ ಅಧ್ಯಕ್ಷ ಮಂಡೇಲಾ ಸಹಿ ಹಾಕುವಾಗ 79ರ ಸುಝ್ಮನ್ ಅಲ್ಲಿದ್ದರು. ಮಂಡೇಲಾ ಆಮೇಲೆ ಮನೆ ಮಾಡಿಕೊಂಡದ್ದು ಹೌಟನ್‌ನಲ್ಲೇ. ಒಂದು ಕಾಲಕ್ಕೆ ಅವರ ಬಣ್ಣದವರು ಆ ಬಡಾವಣೆಯಲ್ಲಿ ರಾತ್ರಿ ಉಳಿಯಬೇಕಾದರೆ ಯಾರದ್ದಾದರೂ ಮನೆಯ ಹಿಂದಿನ ಆಳಿನ ಕೋಣೆಯೇ ಗತಿಯಾಗಿತ್ತು.