ಸ್ಕೀ ಗುಡ್ಡದಲ್ಲಿ ಬೇಸಿಗೆಯ ಸೈಕಲ್: ಇಳಿಜಾರಿನ ಲೆಕ್ಕ ತಪ್ಪುವುದೆಲ್ಲಿ

ಚಳಿಗಾಲದಲ್ಲಿ ಹಿಮದ ಮೇಲೆ ಸ್ಕೀ ಜಾರುವ ಗುಡ್ಡಗಳಲ್ಲಿ ಬೇಸಿಗೆಗೆ ಸೈಕಲ್ ಇಳಿಸುತ್ತಾರೆ. ಮೊದಲು ಕ್ಯಾಲೆಂಡರ್ ಸರಿಮಾಡಿಕೊಳ್ಳಿ. ಮಂಗಳೂರು, ಉಡುಪಿ ಕಡೆಯವರಿಗೆ ಬೇಸಿಗೆ ಎಂದರೆ ಮಾರ್ಚಿನಿಂದ ಮೇ. ಸ್ಕೀ ಗುಡ್ಡಗಳ ಬೇಸಿಗೆ ನಮ್ಮ ಮಳೆಗಾಲ. ನಾವು ಆಟಿಯಲ್ಲಿ ಪತ್ರೊಡೆ ತಿನ್ನುವ ಹೊತ್ತಿಗೆ ಫ್ರಾನ್ಸಿನ ಮೊರ್ಜೀನ್, ಆಸ್ಟ್ರಿಯದ ಲಿಯೊಗಾಂಗ್, ಕೆನಡಾದ ವಿಸ್ಲರ್‌ನಲ್ಲಿ ಗುಡ್ಡ ಹತ್ತಿಸುವ ಹಗ್ಗದ ಲಿಫ್ಟಿನ ಬುಡದಲ್ಲಿ ಸೈಕಲ್ಲಿನವರ ಸಾಲು. ಆಸ್ಟ್ರೇಲಿಯಾದ ಥ್ರೆಡ್ಬೋದಲ್ಲಿ ಇದು ತಿರುಗುಮುರುಗು. ಅಲ್ಲಿನ ಬೇಸಿಗೆ ಡಿಸೆಂಬರ್‌ಗೆ. ಹಿಮ ಕರಗಿದ ಮರುದಿನವೇ ದಾರಿ ತೆರೆಯುವುದಿಲ್ಲ. ಕರಗಿದ ನೀರು ಕುಡಿದ ಮಣ್ಣು ಮೆತ್ತಗಿರುತ್ತದೆ, ಚಕ್ರ ಹೋದಲ್ಲೆಲ್ಲ ಗಾಡಿಜಾಡು ಬೀಳುತ್ತದೆ. ಹಾಗಾಗಿ ಗುಡ್ಡದ ಕೆಳಭಾಗ ಮೊದಲು ತೆರೆಯುತ್ತದೆ, ನೆತ್ತಿ ಕೊನೆಗೆ.

ವ್ಯವಸ್ಥೆ ಸರಳ. ಚಳಿಗಾಲದಲ್ಲಿ ಸ್ಕೀಯವರನ್ನು ಮೇಲಕ್ಕೊಯ್ಯುವ ಲಿಫ್ಟೇ ಬೇಸಿಗೆಯಲ್ಲಿ ಸೈಕಲ್ಲನ್ನೂ ಸವಾರನನ್ನೂ ಒಯ್ಯುತ್ತದೆ. ತುಳಿಯುವ ಕೆಲಸ ಕಡಿಮೆ, ಇಳಿಯುವ ಕೆಲಸವೇ ಎಲ್ಲ. ವಿಸ್ಲರ್‌ನ ಬೈಕ್ ಪಾರ್ಕ್, ಅಂದರೆ ಇಂಥ ಸೈಕಲ್ ದಾರಿಗಳ ತಾಣ, 1999ರದು. ಅಮೆರಿಕದ ಪಶ್ಚಿಮದಲ್ಲಿ ಎಷ್ಟೋ ಸ್ಕೀ ಗುಡ್ಡಗಳು ರಾಷ್ಟ್ರೀಯ ಅರಣ್ಯದ ಜಾಗದಲ್ಲಿವೆ. ಅಲ್ಲಿ ಗುಡ್ಡ ನಡೆಸಲು ಸರ್ಕಾರದ ಪರವಾನಗಿ ಬೇಕು. ಅದರ 1986ರ ಕಾಯ್ದೆ ಸ್ಕೀಯನ್ನಷ್ಟೇ ಮನಸ್ಸಲ್ಲಿಟ್ಟು ಬರೆದದ್ದು. 2011ರ ತಿದ್ದುಪಡಿ ಮೌಂಟನ್ ಬೈಕ್ (ಗುಡ್ಡದ ಸೈಕಲ್) ದಾರಿ, ಜಿಪ್‌ಲೈನ್‌ಗಳಿಗೆ ಅವಕಾಶ ಕೊಟ್ಟಿತು. ಈಜುಕೊಳ, ಗಾಲ್ಫ್ ಮೈದಾನ, ಟೆನಿಸ್ ಅಂಗಣಕ್ಕೆ ಕೊಡಲಿಲ್ಲ. ಇದಿಷ್ಟು ನೆನಪಿದ್ದರೆ ಸಾಕು.

ಈಗ ಎಲ್ಲರನ್ನೂ ಎಡವಿಸುವ ಜಾಗ: ಇಳಿಜಾರು.

ಶೇಕಡಾ ಬೇರೆ, ಡಿಗ್ರಿ ಬೇರೆ. ಅಡ್ಡಕ್ಕೆ 100 ಮೀಟರ್ ಹೋಗುವಷ್ಟರಲ್ಲಿ 10 ಮೀಟರ್ ಇಳಿದರೆ ಶೇ. 10. ಅದು ಡಿಗ್ರಿಯಲ್ಲಿ ಬರೀ 5.7. ಶೇ. 100 ಎಂದರೆ ನೆಟ್ಟಗಿನ ಗೋಡೆಯಲ್ಲ, 45 ಡಿಗ್ರಿ. ಮೊಬೈಲಿನ ಆ್ಯಪ್ ಡಿಗ್ರಿ ತೋರಿಸುತ್ತದೆ, ದಾರಿ ಕಡಿಯುವವರು ಶೇಕಡಾದಲ್ಲಿ ಮಾತಾಡುತ್ತಾರೆ. ಬಾಯಿಲೆಕ್ಕಕ್ಕೆ ಡಿಗ್ರಿಯನ್ನು ಒಂದೂಮುಕ್ಕಾಲರಿಂದ ಗುಣಿಸಿ: 10 ಡಿಗ್ರಿಗೆ ಶೇ. 17.5, ನಿಜವಾದದ್ದು 17.6. 20 ಡಿಗ್ರಿ ತನಕ ಈ ಉಪಾಯ ನಡೆಯುತ್ತದೆ. 30ಕ್ಕೆ 52.5 ಬರುತ್ತದೆ, ನಿಜವಾದದ್ದು 57.7, ಅಲ್ಲಿ ಟ್ಯಾನ್ ಹಾಕಲೇಬೇಕು.

ಆ್ಯಪ್‌ಗಿಂತ ನಂಬಿಕಸ್ತ ಸಾಧನ ಮೇಸ್ತ್ರಿಗಳ ಲೆವೆಲ್ ಪೈಪು, ಅದೇ ನೀರು ತುಂಬಿದ ಪಾರದರ್ಶಕ ಪೈಪು. ಅಡ್ಡಕ್ಕೆ 10 ಮೀಟರ್ ದೂರದಲ್ಲಿ ಎರಡು ಕೋಲು ನಿಲ್ಲಿಸಿ, ಪೈಪಿನ ಒಂದೊಂದು ತುದಿಯನ್ನು ಒಂದೊಂದು ಕೋಲಿಗೆ ಹಿಡಿಯಿರಿ. ನೆಲದಿಂದ ನೀರಿನ ಮಟ್ಟಕ್ಕೆ ಎರಡೂ ಕಡೆ ಅಳೆದು ಕಳೆಯಿರಿ. ವ್ಯತ್ಯಾಸ 80 ಸೆಂ.ಮೀ. ಇದ್ದರೆ ಶೇ. 8. ಸೆಂಟಿಮೀಟರನ್ನು ಹತ್ತರಿಂದ ಭಾಗಿಸಿದರೆ ಮುಗಿಯಿತು. ಪೈಪಿನೊಳಗೆ ಗಾಳಿಗುಳ್ಳೆ ಉಳಿದರೆ ಮಾತ್ರ ಲೆಕ್ಕವೆಲ್ಲ ಹೊಳೆಗೆ.

ಇನ್ನು ಬಣ್ಣದ ಗೊಂದಲ. ಉತ್ತರ ಅಮೆರಿಕದಲ್ಲಿ ಸ್ಕೀ ದಾರಿಗೂ ಸೈಕಲ್ ದಾರಿಗೂ ಅದೇ ಗುರುತು: ಸುಲಭಕ್ಕೆ ಹಸಿರು ವೃತ್ತ, ಮಧ್ಯಮಕ್ಕೆ ನೀಲಿ ಚೌಕ, ಕಷ್ಟಕ್ಕೆ ಕಪ್ಪು ವಜ್ರ. ಒಳಗಿನ ಅಂಕಿ ಮಾತ್ರ ಬೇರೆ. ಸ್ಕೀಯಲ್ಲಿ ಹಸಿರು ಸುಮಾರು ಶೇ. 25ರ ತನಕ, ನೀಲಿ 40ರ ತನಕ, ಅದರಾಚೆ ಕಪ್ಪು. ಅಂತಾರಾಷ್ಟ್ರೀಯ ಮೌಂಟನ್ ಬೈಕಿಂಗ್ ಸಂಘದ ಅಳತೆಯಲ್ಲಿ ಸೈಕಲ್ ದಾರಿಯ ಸರಾಸರಿ ಹಸಿರಿಗೆ ಶೇ. 5, ನೀಲಿಗೆ 10, ಕಪ್ಪಿಗೆ 15ರ ಒಳಗೆ. ಅಂದರೆ ಶೇ. 20ರ ಇಳಿಜಾರು ಸ್ಕೀಯವನಿಗೆ ಮಕ್ಕಳಾಟ, ಸೈಕಲ್ಲಿನವನಿಗೆ ಕಪ್ಪು ವಜ್ರಕ್ಕಿಂತಲೂ ಕಡಿದು. ಯುರೋಪಿನಲ್ಲಿ ನೀಲಿಗೂ ಕಪ್ಪಿಗೂ ನಡುವೆ ಕೆಂಪು ಬೇರೆ ಸೇರಿಕೊಳ್ಳುತ್ತದೆ. ಚಳಿಗಾಲದ ನಕ್ಷೆ ನೋಡಿ ಬೇಸಿಗೆಯ ದಾರಿ ಆರಿಸಬೇಡಿ ಮಾರಾಯ್ರೆ.

ಉದ್ದದ ಲೆಕ್ಕವೂ ಇಲ್ಲಿಂದಲೇ ಬರುತ್ತದೆ. 300 ಮೀಟರ್ ಎತ್ತರವನ್ನು ಶೇ. 30ರಲ್ಲಿ ಇಳಿದರೆ ಅಡ್ಡಕ್ಕೆ 1 ಕಿ.ಮೀ. ಸಾಕು. ಶೇ. 8ರಲ್ಲಿ ಇಳಿಯಲು 300 ಭಾಗಿಸು 0.08, ಅಂದರೆ 3,750 ಮೀಟರ್ ಬೇಕು. ಅಷ್ಟುದ್ದವನ್ನು ಅದೇ ಗುಡ್ಡದಲ್ಲಿ ಮಡಚಿಡಬೇಕು, ಸೋಮೇಶ್ವರದಿಂದ ಆಗುಂಬೆಗೆ ಹತ್ತುವ ರಸ್ತೆಯನ್ನು 14 ಹೇರ್‌ಪಿನ್ ತಿರುವುಗಳಲ್ಲಿ ಮಡಚಿಟ್ಟ ಹಾಗೆ.

ಹಾಗಾದರೆ ಮೆತ್ತಗೆ ಇಳಿಯುವ ದಾರಿಯೆಲ್ಲ ಒಳ್ಳೆಯ ದಾರಿಯೇ? ಅಲ್ಲ. ಇಲ್ಲಿ ಅರ್ಧದ ನಿಯಮ ಬರುತ್ತದೆ. ಎರಡು ಇಳಿಜಾರುಗಳನ್ನು ಬೇರೆಬೇರೆ ಅಳೆಯಬೇಕು. ಒಂದು, ದಾರಿಯ ಉದ್ದಕ್ಕೆ ಇರುವ ಇಳಿಜಾರು. ಇನ್ನೊಂದು, ಗುಡ್ಡದ್ದೇ ಇಳಿಜಾರು, ಬಿಟ್ಟ ನೀರು ನೇರ ಕೆಳಗೆ ಓಡುವ ದಿಕ್ಕಿನದು. ಮೊದಲನೆಯದು ಎರಡನೆಯದರ ಅರ್ಧ ಮೀರಬಾರದು. ಗುಡ್ಡ ಶೇ. 30, ದಾರಿ ಶೇ. 12 ಎಂದರೆ ಅರ್ಧ 15ರ ಒಳಗಿದೆ, ಮಳೆನೀರು ದಾರಿಯನ್ನು ಅಡ್ಡ ದಾಟಿ ಹೋಗುತ್ತದೆ. ಗುಡ್ಡ ಶೇ. 12, ದಾರಿ ಶೇ. 8 ಎಂದರೆ? ಎಂಟೇ ಅಲ್ಲವೇ, ಹಿಂದಿನದಕ್ಕಿಂತ ಮೆತ್ತಗೆ ಎಂದು ಬಹಳ ಮಂದಿ ಸರಿ ಗುರುತು ಹಾಕುತ್ತಾರೆ. 12ರ ಅರ್ಧ 6. 8 ಅದನ್ನು ಮೀರಿತು. ನೀರಿಗೆ ಗುಡ್ಡಕ್ಕಿಂತ ದಾರಿಯೇ ಹಿತವಾಗಿ, ದಾರಿಯನ್ನೇ ಹಿಡಿದು ಓಡುತ್ತದೆ. ಎರಡು ಜಡಿಮಳೆಗೆ ದಾರಿ ತೋಟದ ಕಣಿಯಂತಾಗುತ್ತದೆ, ಕಲ್ಲು ಬೇರು ಎಲ್ಲ ಮೇಲೆದ್ದು ನಿಲ್ಲುತ್ತವೆ. ನಮ್ಮ ಮುರಕಲ್ಲಿನ ಗುಡ್ಡೆಗಳಲ್ಲಿ ನೇರ ಇಳಿಯುವ ಕಾಲುದಾರಿಗಳು ಜೂನ್ ಕಳೆಯುವಷ್ಟರಲ್ಲಿ ತೋಡಾಗುವುದು ಇದೇ ಕಾರಣಕ್ಕೆ.

ತಲೆಗೆ ಹತ್ತದಿದ್ದರೆ ರಟ್ಟಿನ ಪುಸ್ತಕವೊಂದಕ್ಕೆ ಪ್ಲಾಸ್ಟಿಕ್ ಹಾಳೆ ಸುತ್ತಿ ಓರೆಯಾಗಿ ಇಡಿ. ಮೇಲೆ ಸೆಣಬಿನ ದಾರವನ್ನು ಓರೆಯಾಗಿ ಅಂಟಿಸಿ, ದಾರದ ಮೇಲ್ತುದಿಗೆ ಚಮಚದಿಂದ ನೀರು ಬಿಡಿ. ದಾರ ಅಡ್ಡಡ್ಡ ಇದ್ದಾಗ ನೀರು ಅದನ್ನು ದಾಟಿ ಕೆಳಗಿಳಿಯುತ್ತದೆ. ದಾರವನ್ನು ಇಳಿಜಾರಿನ ದಿಕ್ಕಿಗೆ ತಿರುಗಿಸುತ್ತ ಹೋದ ಹಾಗೆ ನೀರು ದಾರವನ್ನೇ ಹಿಡಿಯುತ್ತದೆ.

ಸ್ಕೀ ದಾರಿ ನೇರ ಇಳಿದರೂ ಕೊಚ್ಚಿಹೋಗುವುದಿಲ್ಲ, ಏಕೆಂದರೆ ಸ್ಕೀ ಹಿಮದ ಮೇಲೆ ಓಡುತ್ತದೆ, ಕೆಳಗಿನ ಹುಲ್ಲು ಉಳಿಯುತ್ತದೆ. ಚಕ್ರ ಬರಿ ಮಣ್ಣಿನ ಮೇಲೆ. ಅದಕ್ಕೇ ಸೈಕಲ್ ದಾರಿಯನ್ನು ಹೊರಗಡೆಗೆ ಶೇ. 5ರಷ್ಟು ಓರೆ ಮಾಡುತ್ತಾರೆ, ಅಲ್ಲಲ್ಲಿ ತುಸು ಇಳಿಸಿ ಮತ್ತೆ ತುಸು ಏರಿಸುತ್ತಾರೆ. ಆ ತಗ್ಗಿನಲ್ಲಿ ನೀರು ಹೊರಬೀಳುತ್ತದೆ. ಸವಾರನಿಗೆ ಅದು ಮೋಜಿನ ಅಲೆ, ಕಟ್ಟಿದವನಿಗೆ ಮೋರಿ.

ಲಿಫ್ಟ್ ಹತ್ತುವುದು. ಚೇರ್‌ಲಿಫ್ಟಿನಲ್ಲಿ ಎರಡು ಜಾತಿ. ಕುರ್ಚಿ ಹಗ್ಗಕ್ಕೆ ಕಾಯಂ ಕಚ್ಚಿಕೊಂಡದ್ದು ಒಂದು. ಸ್ಟೇಷನ್ನಿಗೆ ಬಂದಾಗ ಹಿಡಿತ ಬಿಟ್ಟು, ನಿಧಾನ ಸುತ್ತಿ, ಮತ್ತೆ ಕಚ್ಚಿಕೊಳ್ಳುವುದು ಇನ್ನೊಂದು. ಎರಡನೆಯದು ದಾರಿಯಲ್ಲಿ ಸೆಕೆಂಡಿಗೆ 5 ಮೀಟರ್ ಓಡಿದರೂ ಹತ್ತುವಲ್ಲಿ ಸುಮಾರು 1 ಮೀಟರಿಗೆ ಇಳಿಯುತ್ತದೆ, ಸೈಕಲ್ಲಿಗೆ ಅದೇ ಅನುಕೂಲ. ಮೊದಲನೆಯದರಲ್ಲಿ ಒಂದು ಕುರ್ಚಿ ನಿಧಾನವಾಗಬೇಕಾದರೆ ಇಡೀ ಹಗ್ಗವೇ ನಿಧಾನವಾಗಬೇಕು. ನಾಲ್ಕು ಸೀಟಿನ ಕುರ್ಚಿ 6 ಸೆಕೆಂಡಿಗೊಂದು ಬಂದರೆ ಗಂಟೆಗೆ 2,400 ಮಂದಿ. ಒಂದು ಕುರ್ಚಿಗೆ ಸೈಕಲ್, ಅದರ ಹಿಂದಿನದಕ್ಕೆ ಸವಾರರು ಎಂದು ಹಂಚಿದರೆ ಅದೇ ವೇಗದಲ್ಲಿ 1,200. ಸಾಲು ಉದ್ದವಾಗುವುದು ಇಲ್ಲಿ.

ಸೈಕಲ್ಲಿನ ಮುಂಚಕ್ರ ಕುರ್ಚಿಯ ಕೊಕ್ಕೆಗೋ ಸೀಳಿಗೋ ಕೂರಬೇಕು. ಟಯರಿನ ಕೆಸರು ಮೊದಲೇ ತಟ್ಟಿ ಉದುರಿಸಿ, ಹ್ಯಾಂಡಲ್ ನೇರ ಮಾಡಿ, ಜೋತಾಡುವ ಪಟ್ಟಿಗಳನ್ನು ಒಳಗೆ ಸಿಕ್ಕಿಸಿ, ಬೆನ್ನುಚೀಲವನ್ನು ಎದೆಗೆ ತನ್ನಿ. ಮೇಲೆ ಇಳಿದ ಕೂಡಲೇ ಪಕ್ಕಕ್ಕೆ ಸರಿಯಿರಿ. ಮುಂದಿನ ಕುರ್ಚಿ ಕೆಲವೇ ಸೆಕೆಂಡ್ ಹಿಂದಿದೆ.

ಬ್ರೇಕ್. ಸವಾರ, ಸೈಕಲ್ ಸೇರಿ 90 ಕೆ.ಜಿ., ಇಳಿತ 300 ಮೀಟರ್: ಸುಮಾರು 265 ಕಿಲೋಜೂಲ್. ನಮ್ಮೂರಿನ ನಲ್ಲಿ ನೀರನ್ನು ಮುಕ್ಕಾಲು ಲೀಟರಿಗಿಂತ ಹೆಚ್ಚು ಕುದಿಬಿಂದುವಿಗೆ ತರುವಷ್ಟು ಶಾಖ. ಗಾಳಿ, ಟಯರು ತಮ್ಮ ಪಾಲು ತೆಗೆದುಕೊಂಡರೂ ದೊಡ್ಡ ಪಾಲು ಬ್ರೇಕಿಗೇ. ಇಳಿತದ ಸೈಕಲ್ಲಿಗೆ 200 ಮಿ.ಮೀ. ಆಸುಪಾಸಿನ ಡಿಸ್ಕ್ ಹಾಕುವುದು ಅದಕ್ಕೆ. ಬ್ರೇಕ್ ಲಿವರನ್ನು ಉದ್ದಕ್ಕೂ ಸ್ವಲ್ಪಸ್ವಲ್ಪ ಹಿಡಿದೇ ಇದ್ದರೆ ಡಿಸ್ಕಿಗೆ ಆರಲು ಬಿಡುವಿಲ್ಲ, ಪ್ಯಾಡ್ ಗಾಜಿನಂತೆ ನುಣುಪಾಗುತ್ತದೆ, ಒತ್ತಡವನ್ನು ಲಿವರಿನಿಂದ ಪ್ಯಾಡಿಗೆ ಸಾಗಿಸುವ ಒಳಗಿನ ದ್ರವ ಕುದಿದು ಆವಿಯಾಗುತ್ತದೆ. ಆವಿ ಒತ್ತಿದರೆ ಕುಗ್ಗುತ್ತದೆ, ಆದ್ದರಿಂದ ಲಿವರ್ ಹ್ಯಾಂಡಲಿಗೆ ತಾಗಿದರೂ ಚಕ್ರ ನಿಲ್ಲುವುದಿಲ್ಲ. ತಿರುವಿಗೆ ಮೊದಲು ಗಟ್ಟಿಯಾಗಿ ಹಿಡಿದು, ತಿರುವಿನೊಳಗೆ ಪೂರ್ತಿ ಬಿಡಿ. ಲಿವರ್ ಮೆತ್ತಗಾದರೆ ದಾರಿ ಬಿಟ್ಟು ಪಕ್ಕಕ್ಕೆ ನಿಂತು ತಾನಾಗಿ ಆರಲು ಬಿಡಿ. ಬಾಟಲಿ ನೀರು ಸುರಿದರೆ ಕಾದ ಡಿಸ್ಕ್ ಸೊಟ್ಟಗಾಗಬಹುದು.