ಪಿಂಗ್‌ಗೆ ಓಗೊಟ್ಟವರು ಯಾರು? ಕೇಬಲ್ ನೆಟ್‌ವರ್ಕ್ ಕೈಕೊಟ್ಟಾಗಿನ ಟಿಪ್ಪಣಿ

ನಿನ್ನೆ ರಾತ್ರಿ ನನ್ನ ಲ್ಯಾಪ್‌ಟಾಪಿಗೆ ಇಂಟರ್ನೆಟ್ ಬರಲಿಲ್ಲ, ಮೂರು ತಾಸು ಇದರಲ್ಲೇ ಹೋಯಿತು. ಮರೆಯುವ ಮೊದಲು ಬರೆದಿಡುತ್ತಿದ್ದೇನೆ, ನೆಟ್‌ವರ್ಕಿಂಗ್ ಪೇಪರ್ ಓದುತ್ತಿರುವ ಬೇರೆಯವರಿಗೂ ಆದೀತು.

ಮೊದಲು ನಮ್ಮ ವೈರಿಂಗ್. ವಿಜಯಪುರದ ಸ್ಟೇಷನ್ ರಸ್ತೆ ಕಡೆ ನನ್ನ ಬಾಡಿಗೆ ರೂಮು. ರೌಟರ್ ಇರುವುದು ಮೇಲೆ, ಮಾಲಕರ ಮನೆಯಲ್ಲಿ. ಅಲ್ಲಿಂದ ಒಂದು ಕೇಬಲ್ ಇಳಿದು ಮೆಟ್ಟಿಲ ಕೆಳಗಿನ ಎಂಟು ಪೋರ್ಟಿನ ಸ್ವಿಚ್‌ಗೆ (ಒಂದು ಕೇಬಲ್ಲಿನ ನೆಟ್ಟನ್ನು ಹಲವು ಕೇಬಲ್ಲಿಗೆ ಹಂಚುವ ಡಬ್ಬಿ) ಬರುತ್ತದೆ, ಸ್ವಿಚ್‌ನಿಂದ ನಮ್ಮ ರೂಮುಗಳಿಗೆ. ನನ್ನ ಹಳೆ ಲ್ಯಾಪ್‌ಟಾಪಿನ ವೈಫೈ ಯಾವತ್ತೋ ಸತ್ತಿದೆ, ಕೇಬಲ್ಲೇ ಗತಿ. ಪಕ್ಕದ ರೂಮಿನವ ಸಿಂದಗಿಗೆ ಹೋಗಿದ್ದರಿಂದ ಅವನಿಗೆ ಬರುತ್ತಿದೆಯೋ ಇಲ್ಲವೋ ಅಂತ ನೋಡಲಿಕ್ಕೂ ಆಗಲಿಲ್ಲ.

ಕೇಬಲ್ ಪೋರ್ಟನ್ನು ನಡೆಸುವ ಸಾಫ್ಟ್‌ವೇರ್, ಅಂದರೆ ಡ್ರೈವರ್ ಸರಿ ಇತ್ತು, ಡಿವೈಸ್ ಮ್ಯಾನೇಜರಿನಲ್ಲಿ ಹಳದಿ ಗುರುತು ಇರಲಿಲ್ಲ. ಪೋರ್ಟಿನ ಹಸಿರು ದೀಪವೂ ಹತ್ತಿತ್ತು. ಐಪಿಕಾನ್ಫಿಗ್ (ಲ್ಯಾಪ್‌ಟಾಪಿನ ಐಪಿ ವಿಳಾಸ, ಅಂದರೆ ನೆಟ್‌ವರ್ಕಿನಲ್ಲಿ ಅದರ ನಂಬರ್, ತೋರಿಸುವ ವಿಂಡೋಸ್ ಕಮಾಂಡ್) ಹೊಡೆದರೆ 169.254ರಿಂದ ಶುರುವಾಗುವ ವಿಳಾಸ. ಗೆಳೆಯನಿಗೆ ಫೋನ್ ಹಚ್ಚಿದೆ. "ದೀಪ ಹತ್ತೇದಲ್ಲೋ ದೋಸ್ತ, ಕೇಬಲ್ ಬರೋಬ್ಬರಿ ಅದ. ಐಪಿ ಕೈಯಿಂದ ಹಾಕು, ಬರ್ತದ" ಅಂದ. ಹಾಕಿದೆ: ನನಗೆ 192.168.1.50, ಮಾಸ್ಕ್ (ಯಾವ ವಿಳಾಸಗಳು ಒಂದೇ ಓಣಿಯವು ಅಂತ ಹೇಳುವ ನಂಬರ್) 255.255.255.0, ಗೇಟ್‌ವೇ (ಹೊರಗೆ ಹೋಗುವ ಬಾಗಿಲು, ಅಂದರೆ ರೌಟರ್) 192.168.1.1. ಲ್ಯಾಬಿನಲ್ಲಿ ಹಾಕುವ ನಂಬರುಗಳೇ.

ನಾನು ಮುಗ್ಗರಿಸಿದ್ದು ಇಲ್ಲಿ. ಗೇಟ್‌ವೇಗೆ ಪಿಂಗ್ ಹೊಡೆದೆ, ಅಂದರೆ "ಇದ್ದೀಯಾ?" ಅಂತ ಕೇಳಿ ಉತ್ತರಕ್ಕೆ ಕಾಯುವ ಕಮಾಂಡ್. ನಾಲ್ಕು ಸಾಲು ಬಂದವು, ನಾಲ್ಕೂ "ರಿಪ್ಲೈ ಫ್ರಮ್" ಅಂತಲೇ ಶುರು. ಕೆಳಗಿನ ಲೆಕ್ಕದಲ್ಲಿ ಕಳಿಸಿದ್ದು 4, ಬಂದದ್ದು 4, ಕಳೆದದ್ದು 0. ಉತ್ತರ ಬಂತಲ್ಲ, ಅಂದರೆ ರೌಟರ್ ತನಕ ದಾರಿ ಸರಿ ಇದೆ ಅಂದುಕೊಂಡು ಒಂದು ತಾಸು ಬ್ರೌಸರ್, ಫೈರ್‌ವಾಲ್ (ಬೇಡದ ಸಂಪರ್ಕ ತಡೆಯುವ ಕಾವಲು), ಡಿಎನ್‌ಎಸ್ (ಸೈಟಿನ ಹೆಸರಿಗೆ ಐಪಿ ವಿಳಾಸ ಹುಡುಕುವ ಸೇವೆ) ಕೆದಕಿದೆ. ಎಲ್ಲ ದಂಡ.

ಆ ಸಾಲನ್ನು ಪೂರ್ತಿ ಓದಿರಲೇ ಇಲ್ಲ. ಅದರಲ್ಲಿದ್ದದ್ದು "ರಿಪ್ಲೈ ಫ್ರಮ್ 192.168.1.50: ಡೆಸ್ಟಿನೇಷನ್ ಹೋಸ್ಟ್ ಅನ್‌ರೀಚೆಬಲ್". ಐವತ್ತು ಯಾರು? ನಾನೇ! ನಾನು ಕೇಳಿದ್ದು 192.168.1.1 ಅನ್ನು, ಉತ್ತರ ಕೊಟ್ಟದ್ದು ನನ್ನದೇ ಲ್ಯಾಪ್‌ಟಾಪು.

ಹೀಗೆ ಯಾಕೆ ಆಗುತ್ತದೆ? ಒಂದೇ ಸಬ್‌ನೆಟ್ಟಿನ, ಅಂದರೆ ಒಂದೇ ಓಣಿಯ, ವಿಳಾಸಕ್ಕೆ ಏನಾದರೂ ಕಳಿಸುವ ಮೊದಲು ಲ್ಯಾಪ್‌ಟಾಪಿಗೆ ಆ ಕಡೆಯವರ ಮ್ಯಾಕ್ ವಿಳಾಸ (ನೆಟ್‌ವರ್ಕ್ ಕಾರ್ಡಿನ ಸ್ವಂತ ನಂಬರ್) ಬೇಕು. ಅದಕ್ಕೆ "192.168.1.1 ಯಾರ್ರಿ? ನಿಮ್ಮ ಮ್ಯಾಕ್ ಹೇಳ್ರಿ" ಅಂತ ಇಡೀ ಓಣಿಗೆ ಕೂಗುತ್ತದೆ. ಇದೇ ಎಆರ್‌ಪಿ. ಯಾರೂ ಓಗೊಡದಿದ್ದರೆ ಪಿಂಗ್ ಪ್ಯಾಕೆಟ್ ಹೊರಡುವುದೇ ಇಲ್ಲ. ಆಗ ಲ್ಯಾಪ್‌ಟಾಪು ತನಗೆ ತಾನೇ "ಮುಟ್ಟಲಿಲ್ಲ" ಅಂತ ವರದಿ ಕೊಡುತ್ತದೆ, ವಿಂಡೋಸ್ ಆ ವರದಿಯನ್ನೂ ಬಂದ ಉತ್ತರದ ಲೆಕ್ಕಕ್ಕೇ ಸೇರಿಸುತ್ತದೆ. ಗೋಳಗುಮ್ಮಟದ ಗ್ಯಾಲರಿಯಲ್ಲಿ ನಿಂತು ಚಪ್ಪಾಳೆ ಹೊಡೆದರೆ ಏಳು ಸಲ ತಿರುಗಿ ಕೇಳುತ್ತದೆ ಅಂತಾರಲ್ಲ, ಹಾಗೆ. ಕೇಳಿಸಿದ್ದು ನಿಜ, ಆದರೆ ಆ ಕಡೆ ಯಾರೂ ಇಲ್ಲ.

127.0.0.1ಕ್ಕೆ (ಲ್ಯಾಪ್‌ಟಾಪು ತನ್ನನ್ನೇ ಕರೆಯುವ ವಿಳಾಸ) ಪಿಂಗ್ ಹೊಡೆದು ಖುಷಿಪಡುವುದೂ ಇದೇ ಥರದ್ದು. ಅದು ಕೇಬಲ್ ತನಕ ಹೋಗುವುದೇ ಇಲ್ಲ. ಕೇಬಲ್ ಕಿತ್ತು ಕೈಯಲ್ಲಿ ಹಿಡಿದು ಹೊಡೆದು ನೋಡಿ, ಆಗಲೂ ಉತ್ತರ ಬರುತ್ತದೆ.

ಹಾಗಾಗಿ ಈಗ ನಾನು ಸಾಲಿನ ನಡುವಿನ ನಂಬರ್ ಮೊದಲು ನೋಡುತ್ತೇನೆ. ನನ್ನದೇ ನಂಬರಿನಿಂದ "ಅನ್‌ರೀಚೆಬಲ್" ಬಂದರೆ ತೊಂದರೆ ನನ್ನ ಮನೆಯೊಳಗೇ: ಕೇಬಲ್, ಸ್ವಿಚ್, ಇಲ್ಲವೇ ತಪ್ಪು ವಿಳಾಸ. ರೌಟರಿನ ನಂಬರಿನಿಂದ ಬಂದರೆ ರೌಟರ್ ತನಕ ಮುಟ್ಟಿದ್ದೇವೆ, ಮುಂದಿನ ದಾರಿ ಅದಕ್ಕೆ ಸಿಗುತ್ತಿಲ್ಲ. "ರಿಕ್ವೆಸ್ಟ್ ಟೈಮ್ಡ್ ಔಟ್" ಅಂದರೆ ಕಾದದ್ದೇ ಬಂತು, ಉತ್ತರ ಬರಲಿಲ್ಲ. ಆ ಕಡೆಯ ಫೈರ್‌ವಾಲ್ ಪಿಂಗನ್ನು ನುಂಗಿದರೂ ಹೀಗೇ ಕಾಣುತ್ತದೆ.

ನನ್ನ ಕೇಸಿನಲ್ಲಿ ಎರಡು ತಪ್ಪು ಒಂದರ ಮೇಲೊಂದು ಕೂತಿದ್ದವು. ಮೆಟ್ಟಿಲ ಹತ್ತಿರ ಮೊಬೈಲಿಗೆ ಮೇಲಿನ ವೈಫೈ ಸಿಗುತ್ತದೆ. ಅದರ ಸೆಟ್ಟಿಂಗಿನಲ್ಲಿ ಗೇಟ್‌ವೇ ನೋಡಿದರೆ 192.168.0.1. ಮೂರನೆಯ ಅಂಕಿ ನೋಡಿ: ನಾನು ಹಾಕಿದ್ದು 1ರ ಓಣಿ, ರೌಟರ್ ಇರುವುದು 0ಯ ಓಣಿಯಲ್ಲಿ. ಕೇಬಲ್ ಸರಿ ಇದ್ದಿದ್ದರೂ ಭೆಟ್ಟಿ ಆಗುತ್ತಿರಲಿಲ್ಲ. ಐಪಿಯನ್ನೂ ಡಿಎನ್‌ಎಸ್ಸನ್ನೂ ಮತ್ತೆ ಆಟೋಮ್ಯಾಟಿಕ್‌ಗೆ ತಂದೆ. (ಎರಡಕ್ಕೂ ಬೇರೆ ಬೇರೆ ಗುಂಡಿ, ಒಂದನ್ನೇ ಬದಲಿಸಿ ಬಿಡಬೇಡಿ.) ಮತ್ತೆ ಅದೇ 169.254, ಗೇಟ್‌ವೇ ಜಾಗ ಖಾಲಿ.

ಆ ವಿಳಾಸ ಯಾರೂ ಕೊಟ್ಟದ್ದಲ್ಲ. ಲ್ಯಾಪ್‌ಟಾಪು ಡಿಎಚ್‌ಸಿಪಿಗಾಗಿ (ತಾನಾಗಿ ಐಪಿ ವಿಳಾಸ ಹಂಚುವ ವ್ಯವಸ್ಥೆ) ಕೂಗಿ ಕೂಗಿ, ಉತ್ತರ ಬರದೆ, ತಾನೇ ಇಟ್ಟುಕೊಂಡ ವಿಳಾಸ. ಮೊದಲಿಗೇ ಅದು ಸುಳಿವು ಕೊಟ್ಟಿತ್ತು, ನಾನೇ ಕೈಯಿಂದ ನಂಬರ್ ಬರೆದು ಆ ಸುಳಿವನ್ನು ಮುಚ್ಚಿಹಾಕಿದ್ದೆ.

ಮತ್ತೆ ಆ ಹಸಿರು ದೀಪ? ಅದು ಹೇಳುವುದು ಸ್ವಿಚ್ ತನಕದ ಮಾತು ಮಾತ್ರ. ಟಾರ್ಚ್ ಹಿಡಿದು ಮೆಟ್ಟಿಲ ಕೆಳಗೆ ಬಗ್ಗಿ ನೋಡಿದೆ. ಸ್ವಿಚ್ಚಿನಲ್ಲಿ ನನ್ನ ಪೋರ್ಟಿನ ದೀಪ ಇತ್ತು, ಮೇಲಿನಿಂದ ಬರುವ ಕೇಬಲ್ಲಿನ ಪೋರ್ಟ್ ಕತ್ತಲೆ. ಪ್ಲಗ್ಗಿನ ಮೇಲಿನ ಪ್ಲಾಸ್ಟಿಕ್ ನಾಲಿಗೆ ಮುರಿದು, ಪ್ಲಗ್ ಅರ್ಧ ಹೊರಗೆ ಬಂದಿತ್ತು. ಮಾಲಕರ ಮನೆಯ ಕಾಕು ಮುಂಜಾನೆ ಅಲ್ಲಿ ಕಸ ಹೊಡೆದಿದ್ದರು. "ಏನರ ಮುರದೇನೇನೋ ತಮ್ಮಾ?" ಅಂತ ಗಾಬರಿಯಾದರು. "ಇಲ್ಲರೀ ಕಾಕು, ಮೊದಲ ಮುರದಿತ್ತು" ಅಂದೆ.

ಬೆರಳಿನಿಂದ ಒತ್ತಿ ಹಿಡಿದರೆ ದೀಪ ಹತ್ತುತ್ತದೆ, ಬಿಟ್ಟರೆ ಹೋಗುತ್ತದೆ. ಕ್ರಿಂಪಿಂಗ್ ಟೂಲ್ (ತಂತಿಗೆ ಪ್ಲಗ್ ಅಮುಕಿ ಕೂರಿಸುವ ಇಕ್ಕಳ) ಎರವಲು ತಂದು ಹೊಸ ಪ್ಲಗ್ ಹಾಕಿದೆ. ಬಣ್ಣದ ಸಾಲು: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಹಸಿರಿನ ಜೋಡಿಯನ್ನು 3 ಮತ್ತು 6ನೇ ಜಾಗಕ್ಕೆ ಬೇರೆ ಮಾಡಬೇಕು, ನಡುವೆ ನೀಲಿ ಜೋಡಿ. ಹಸಿರಿನ ಪಕ್ಕ ಹಸಿರು ಇಟ್ಟು ನಾನು ಒಂದು ಪ್ಲಗ್ ಹಾಳು ಮಾಡಿದೆ. ಎರಡನೆಯದು ಟಕ್ ಅಂತ ಕೂತಿತು.

ಐಪಿಕಾನ್ಫಿಗ್, ಸ್ಲ್ಯಾಷ್ ರಿನ್ಯೂ (ಹೊಸದಾಗಿ ವಿಳಾಸ ಕೇಳುವ ಕಮಾಂಡ್). 192.168.0.7. ಗೇಟ್‌ವೇಗೆ ಪಿಂಗ್ ಹೊಡೆದು ಈ ಸಲ ಸಾಲನ್ನು ಬೆರಳಿಟ್ಟು ಓದಿದೆ: ಉತ್ತರ ಕೊಟ್ಟದ್ದು 192.168.0.1.