ಬೆಕ್ಕು ಕಚ್ಚಿದೆ, ಮನೆಯಲ್ಲಿ ಉಳಿದ ಗುಳಿಗೆ ನುಂಗಬಹುದಾ?

ಪ್ರಶ್ನೆ: ಮನೆಯ ಬೆಕ್ಕು ಹೆಬ್ಬೆರಳಿಗೆ ಕಚ್ಚಿದೆ. ಎರಡು ಸಣ್ಣ ತೂತು, ಅಷ್ಟೇ. ಹಿಂದೆ ಗಂಟಲು ನೋವಿಗೆ ತಂದ ಆ್ಯಂಟಿಬಯೋಟಿಕ್ ನಾಲ್ಕು ಗುಳಿಗೆ ಉಳಿದಿವೆ. ಅವನ್ನೇ ತಗೊಂಡರೆ ಸಾಕಾ?
– ಒಬ್ಬ ಓದುಗರು, ವಿಜಯಪುರ

ಉತ್ತರ: ಬೇಡ. ಮೊದಲು ಬೆರಳಿಗೆ ಸೋಪು ಹಚ್ಚಿ, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ. ಅರಿಶಿನ, ಸುಣ್ಣ ಏನೂ ಮೆತ್ತಬೇಡಿ.

ನಮ್ಮ ಕಡೆ ಬೆಕ್ಕು ಸಾಕುವುದು ಮುದ್ದಿಗಿಂತ ಜಾಸ್ತಿ ಜೋಳದ ಚೀಲ ಕಾಯಲು. ನಾನೂ ಒಮ್ಮೆ ಚೀಲಗಳ ಸಂದಿಯಿಂದ ಬೆಕ್ಕನ್ನು ಎಳೆಯಲು ಹೋಗಿ ಕಚ್ಚಿಸಿಕೊಂಡಿದ್ದೆ. ಸಂಜೆ ಬಂದದ್ದು ಒಂದೇ ಹನಿ ರಕ್ತ. ಬೆಳಗ್ಗೆ ನೋಡಿದರೆ ಬೆರಳು ಬದನೆಕಾಯಿಯ ಹಾಗೆ ಊದಿತ್ತು, ರೊಟ್ಟಿ ಮುರಿಯಲೂ ಆಗಲಿಲ್ಲ.

ಬೆಕ್ಕಿನ ಹಲ್ಲು ಸೂಜಿ ಇದ್ದ ಹಾಗೆ. ಆಳಕ್ಕೆ ಇಳಿಯುತ್ತದೆ, ಮೇಲಿನ ತೂತು ಬೇಗ ಮುಚ್ಚಿಕೊಳ್ಳುತ್ತದೆ. ಬಾಯಿಯ ಬ್ಯಾಕ್ಟೀರಿಯಾ ಒಳಗೇ ಉಳಿಯುತ್ತವೆ. ಅವುಗಳಲ್ಲಿ ಮುಖ್ಯವಾದದ್ದು ಪಾಶ್ಚುರೆಲ್ಲಾ ಮಲ್ಟೊಸಿಡಾ. ಹೆಚ್ಚಿನ ಬೆಕ್ಕುಗಳ ಬಾಯಲ್ಲಿ ಇದು ಇರುತ್ತದೆ, ಅವಕ್ಕೆ ಏನೂ ಮಾಡುವುದಿಲ್ಲ. ನಮ್ಮ ಬೆರಳಿಗೆ ಹೊಕ್ಕರೆ ಮಾತ್ರ 24 ಗಂಟೆಯೊಳಗೇ ಊತ, ನೋವು ಶುರು.

ತಮಾಷೆ ಏನೆಂದರೆ, ಈ ಬ್ಯಾಕ್ಟೀರಿಯಾ ಸಾಮಾನ್ಯವಾಗಿ ಹಳೇ ಪೆನಿಸಿಲಿನ್‌ಗೇ ಸಾಯುತ್ತದೆ. ಆದರೆ ನಾವು ಸುಮ್ನೆ ಡಬ್ಬಿಯಿಂದ ತೆಗೆಯುವ ಸೆಫಲೆಕ್ಸಿನ್, ಎರಿಥ್ರೊಮೈಸಿನ್‌ಗೆ ಅಷ್ಟಾಗಿ ಬಗ್ಗುವುದಿಲ್ಲ. ಇದು ಹೊಸದಾಗಿ ಕಲಿತ ಹಟವಲ್ಲ, ಅದರ ಹುಟ್ಟುಗುಣ. ಕಚ್ಚಿದ ಗಾಯದಲ್ಲಿ ಇದೊಂದೇ ಇರುವುದೂ ಇಲ್ಲ. ಪೆನಿಸಿಲಿನ್ ಅನ್ನೇ ಮುರಿಯುವ ಸ್ಟೆಫಿಲೊಕಾಕಸ್, ಗಾಳಿ ಬೇಡದ ಬ್ಯಾಕ್ಟೀರಿಯಾ ಎಲ್ಲ ಸೇರಿರುತ್ತವೆ. ಅದಕ್ಕೇ ವೈದ್ಯರು ಹೆಚ್ಚಾಗಿ ಪೆನಿಸಿಲಿನ್ ಗುಂಪಿನದೇ ಆದ ಅಮಾಕ್ಸಿಸಿಲಿನ್ ಜೊತೆ ಕ್ಲಾವುಲನೇಟ್ ಸೇರಿದ ಗುಳಿಗೆ ಬರೆಯುತ್ತಾರೆ. ಪೆನಿಸಿಲಿನ್ ಮುರಿಯುವವರ ಕೈ ಕಟ್ಟುವುದು ಕ್ಲಾವುಲನೇಟ್ ಕೆಲಸ. ಪೆನಿಸಿಲಿನ್ ಅಲರ್ಜಿ ಇದ್ದರೆ ಮೊದಲೇ ಹೇಳಿಬಿಡಿ.

ನಾಲ್ಕು ಗುಳಿಗೆ ತಾನೇ, ಏನಾಗುತ್ತದೆ ಅಂತೀರಾ? ಗುಳಿಗೆಗೆ ಬೆರಳಿನ ವಿಳಾಸ ಗೊತ್ತಿಲ್ಲ. ಅದು ಹೊಟ್ಟೆಗೆ, ಚರ್ಮಕ್ಕೆ, ಎಲ್ಲ ಕಡೆ ಹೋಗುತ್ತದೆ. ಕರುಳಿನ ಮೆತ್ತನೆಯ ಬ್ಯಾಕ್ಟೀರಿಯಾ ಸಾಯುತ್ತವೆ, ಗಟ್ಟಿಯವು ಉಳಿದು ಬೆಳೆಯುತ್ತವೆ. ಬದುಕುವ ಆ ವಿದ್ಯೆಯ ಜೀನನ್ನು ಪಕ್ಕದ ಬೇರೆ ಜಾತಿಯ ಬ್ಯಾಕ್ಟೀರಿಯಾಕ್ಕೂ ದಾಟಿಸುತ್ತವೆ. ಕಚ್ಚಿದ್ದು ಬೆಕ್ಕು, ಮದ್ದಿಗೆ ಬಗ್ಗದ ಬ್ಯಾಕ್ಟೀರಿಯಾ ಸಾಕಿದ್ದು ನಾವು!

ಇವತ್ತೇ ವೈದ್ಯರಿಗೆ ತೋರಿಸಿ. ಮುಳ್ಳು ಚುಚ್ಚಿತು ಅನ್ನಬೇಡಿ, ಬೆಕ್ಕು ಕಚ್ಚಿತು ಅಂತಲೇ ಹೇಳಿ. ರೇಬಿಸ್ ನಾಯಿಯಿಂದ ಮಾತ್ರವಲ್ಲ, ಬೆಕ್ಕಿನಿಂದಲೂ ಬರುತ್ತದೆ. ಅದು ವೈರಸ್, ಯಾವ ಆ್ಯಂಟಿಬಯೋಟಿಕ್‌ಗೂ ಸಂಬಂಧವಿಲ್ಲ. ಹಾಗಾಗಿ ರೇಬಿಸ್ ಚುಚ್ಚುಮದ್ದನ್ನು ಅವರು ಹೇಳಿದ ದಿನಗಳಂದು ತಪ್ಪದೆ ಹಾಕಿಸಿಕೊಳ್ಳಿ. ಟಿಟಿ ಹಾಕಿಸಿಕೊಂಡು ಎಷ್ಟು ವರ್ಷವಾಯಿತು ಅಂತಲೂ ಕೇಳುತ್ತಾರೆ, ನೆನಪು ಮಾಡಿಕೊಂಡು ಹೋಗಿ.